ನೆಲ ಡೊಂಕು

ಸೇತುವೆ ಕುಸಿಯುವ ಮುನ್ನ ಗುಂಡಿ ಒತ್ತಲು
ಮುಕ್ಕಾಲು ಸೆಕೆಂಡು.
ಆ ಅಂಕಿ ಬರೆದವಳು ನಾನೇ,
ವಾರ್ಸಾದ ಆಫೀಸಿನಲ್ಲಿ, ಕಾಫಿ ಆರುವ ಮೊದಲು.
ಒಂದು ಹೆಚ್ಚಾಯಿತು, ಅರ್ಧ ತೀರ ಕಡಿಮೆ,
ಅಷ್ಟೇ ನನ್ನ ಯೋಚನೆ. ಆಗ ನನಗೆ ಇಪ್ಪತ್ತಾರು.
ಬೆರಳೆಂದರೆ ಹೇಳಿದ್ದು ಕೇಳುವ ಸಾಮಾನು.

ದಾಟಲಾಗದವರು ದೂರು ಬರೆದರೆ ನಗುತ್ತಿದ್ದೆವು:
ಕುಣಿಯಲಾರದವಳಿಗೆ ನೆಲ ಡೊಂಕು.

ಗ್ದಾನ್ಸ್ಕ್‌ನ ಆ ಕೇಂದ್ರಕ್ಕೆ ನನ್ನನ್ನು ಕಳಿಸಿದ್ದು
ಆಟ ಕಲಿಸಲಿಕ್ಕಲ್ಲ. ಸುಮ್ಮನೆ ಕೂತು ನೋಡಿ ಬಾ ಅಂದಿದ್ದರು.
ನವೆಂಬರ್. ಟ್ರಾಮ್ ಇಳಿದಲ್ಲಿಂದ ಕಿವಿ ಕೊಯ್ಯುವ ಗಾಳಿ,
ಒಳಗೆ ಒದ್ದೆ ಕೋಟುಗಳ ವಾಸನೆ, ಎಲೆಕೋಸಿನ ಸಾರಿನ ಹಬೆ.

ಬೊಗುಮಿವಾ, ಎಪ್ಪತ್ತಮೂರು.
ಹಡಗುಕಟ್ಟೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕ್ರೇನ್ ನಡೆಸಿದವಳು.
ನಲವತ್ತು ಟನ್ನಿನ ಹಡಗಿನ ಹೊಟ್ಟೆಯನ್ನು
ಬುಟ್ಟಿಗೆ ಮೊಟ್ಟೆ ಇಟ್ಟ ಹಾಗೆ ಇಳಿಸುತ್ತಿದ್ದಳಂತೆ.
ಈಗ ಆ ಕೈಗಳಲ್ಲಿ ಪಾರ್ಕಿನ್ಸನ್.
ಚಹಾದ ಲೋಟ ತಟ್ಟೆಯ ಮೇಲೆ ಹಲ್ಲು ಕಡಿಯುತ್ತದೆ.

ಪಕ್ಕದಲ್ಲಿ ಕಯೆತಾನ್, ಹತ್ತೊಂಬತ್ತು,
ಸ್ನಾಯುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟ ಮೈ.
ಗದ್ದದ ಕೆಳಗೊಂದು ಪುಟ್ಟ ಕೋಲು, ಅದೇ ಅವನ ಕೈ.
ಬಾಯಿಗೆ ಮಾತ್ರ ಏನೂ ಆಗಿಲ್ಲ:
"ಅಜ್ಜೀ, ಬೇಗ, ಬೇಗ! ಅಯ್ಯೋ, ಹೋಯ್ತು."

ಎಣಿಸಿದೆ. ನಲವತ್ತೊಂದು ಸಲ
ಪರದೆಯ ಹುಡುಗಿ ಲಾಟೀನು ಸಮೇತ ಪ್ರಪಾತಕ್ಕೆ.
ಕಲ್ಲು ಅಲುಗುವುದು ಅವಳಿಗೆ ನನಗಿಂತ ಮೊದಲೇ ಕಾಣುತ್ತಿತ್ತು,
"ಈಗ" ಎನ್ನುತ್ತಿದ್ದಳು, ಒಂದು ಸಲವೂ ತಪ್ಪದೆ.
ಆ ಈಗ ಭುಜದಿಂದ ಹೊರಟು
ಮೊಣಕೈಯಲ್ಲಿ ತಡವರಿಸಿ, ಮಣಿಕಟ್ಟಿನಲ್ಲಿ ದಾರಿ ತಪ್ಪಿ
ಬೆರಳ ತುದಿ ಮುಟ್ಟುವಷ್ಟರಲ್ಲಿ
ನನ್ನ ಮುಕ್ಕಾಲು ಸೆಕೆಂಡು ಬಾಗಿಲು ಹಾಕಿಕೊಂಡಿತ್ತು.

ನೆಲ ಡೊಂಕೇ ಇತ್ತು.
ಹಾಸಿದವಳು ನಾನು.

ಕ್ಷಮಿಸಿ ಅನ್ನಲು ಹೋದೆ. ಬಿಡು ಎಂದಳು.
"ಐವತ್ತು ಮೀಟರು ಮೇಲೆ ಗಾಳಿ ನನಗಾಗಿ ನಿಂತದ್ದುಂಟೇ?
ಆದರೆ ಮೊದಲ ಚಳಿಗಾಲ ನನ್ನ ಕಾಲು ಪೆಡಲಿಗೆ ಎಟುಕಲಿಲ್ಲ.
ಕುಳ್ಳಿ ಅಂತ ಮೇಸ್ತ್ರಿ ಕೆಳಗಿಳಿಸಲಿಲ್ಲ,
ಮರದ ತುಂಡೊಂದನ್ನು ಪೆಡಲಿಗೆ ಕಟ್ಟಿಕೊಟ್ಟ.
ಭಾರ ಅದೇ ಭಾರ. ಗಾಳಿ ಅದೇ ಗಾಳಿ.
ನೀನೂ ಒಂದು ತುಂಡು ಹುಡುಕು."

ಅಂಕಿ ತಿದ್ದಲು ಹತ್ತು ನಿಮಿಷ,
ತಿದ್ದಬಹುದೆಂದು ಒಪ್ಪಿಸಲು ನಾಲ್ಕು ತಿಂಗಳು.
ಆಟದ ಮರ್ಯಾದೆ ಹೋಗುತ್ತದೆ ಎಂದರು,
ಗೆದ್ದವರ ಗೆಲುವಿಗೆ ಬೆಲೆ ಏನುಳಿಯಿತು ಎಂದರು.
ಹಾಗೆಂದವರಲ್ಲಿ ಮೂವರಿಗೆ ಕನ್ನಡಕವಿತ್ತು.
ನಾನು ಕನ್ನಡಕಗಳನ್ನೇ ನೋಡುತ್ತ ಕೂತೆ.

ಏಪ್ರಿಲ್‌ನಲ್ಲಿ ಮತ್ತೆ ಗ್ದಾನ್ಸ್ಕ್.
ಕೇಂದ್ರದಲ್ಲಿ ಯಾರೋ ಹಳೆಯ ಲಾರಿಯ ಗೇರಿನ ಹಿಡಿಯಿಂದ
ಲಿವರ್ ಒಂದನ್ನು ಮಾಡಿಟ್ಟಿದ್ದರು,
ಮೊಣಕೈ ಊರಲು ಸ್ಪಂಜು, ಅವಳ ಮುಷ್ಟಿಗೆ ತಕ್ಕ ದಪ್ಪ.
ಒಬ್ಬಳೇ ಹುಡುಗಿಯನ್ನು ಈಗ ಇಬ್ಬರು ನಡೆಸಬಹುದು:
ನಡಿಗೆ ಕಯೆತಾನನ ಗದ್ದದ್ದು, ನೆಗೆತ ಅವಳದು.
ಕಾಲದ ಪಟ್ಟಿ ತೆರೆದು ತೋರಿಸಿದೆ: ಎರಡು, ಮೂರು, ಬೇಕಾದಷ್ಟು.
"ಬೇಕಾದಷ್ಟು ಯಾರಿಗೆ ಬೇಕು? ಎರಡು ಹಾಕು."

ದಾಟಿದರು. ಚಪ್ಪಾಳೆ ಕೇಳಿಸಲಿಲ್ಲ,
ತಟ್ಟಲು ಬರುವ ಕೈ ಆ ಕೋಣೆಯಲ್ಲಿ ನನ್ನವೆರಡೇ,
ಅವು ಮಡಿಲಲ್ಲಿ ಬೆವರುತ್ತಿದ್ದವು.
ಮುಂದೆ ಮಂಜುಗಡ್ಡೆಯ ಇಳಿಜಾರು.
ಅಲ್ಲಿ ಅವಸರ ಮಾಡಿದಳು, ಕಲ್ಲು ಅಲುಗುವ ಮೊದಲೇ ಎಳೆದಳು.
ಹುಡುಗಿ, ಲಾಟೀನು, ಪ್ರಪಾತ.

ಬೊಗುಮಿವಾ ನಕ್ಕಳು,
ಕಟ್ಟಿಸಿದ ಹಲ್ಲುಗಳೆಲ್ಲ ಕಾಣುವಷ್ಟು.
"ನೋಡಿದೆಯಾ? ಈ ಸಲ
ನಾನೇ ಬಿದ್ದದ್ದು!"

ಜೊತೆಗೆ ನಾನೂ ಬಿದ್ದೆನಲ್ಲ, ಅದು ಯಾರ ತಪ್ಪು,
ಎಂದು ಗೊಣಗುತ್ತ ಕಯೆತಾನ್
ಗದ್ದದಿಂದ ಆಟವನ್ನು ಮೊದಲಿನಿಂದ ಶುರುಮಾಡಿದ.